ಹಣೆಯ ಮೇಲಿನ ಉಪ್ಪು: ಅಳಿವೆ ದಂಡೆಯ ಹುಡುಗನೊಬ್ಬನ ಪ್ರಕರಣ

ನನ್ನ ಅಕ್ಕನ ಮಗನ ಹಣೆಗೆ ಮುತ್ತಿಟ್ಟರೆ ತುಟಿಗೆ ಉಪ್ಪು ಹತ್ತುತ್ತಿತ್ತು. ಮನೆಯವರಿಗೆಲ್ಲ ಇದು ಗೊತ್ತಿತ್ತು. ಆದರೂ ಏಳು ವರ್ಷ ಯಾವ ಡಾಕ್ಟರ ಮುಂದೆಯೂ ಯಾರೂ ಬಾಯಿ ಬಿಡಲಿಲ್ಲ. ಹೇಳುವಂಥ ವಿಷಯ ಅಂತ ಅನ್ನಿಸಲೇ ಇಲ್ಲ.

ಕಾರಣ ಅವರ ಮನೆ ಇರುವ ಜಾಗ. ಗೋಕರ್ಣದ ಹತ್ತಿರ, ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ದಂಡೆ. ಸಾಣಿಕಟ್ಟಾದ ಉಪ್ಪಿನ ಆಗರಕ್ಕೆ ಅಲ್ಲಿಂದ ನಡೆದೇ ಹೋಗಬಹುದು. ಬೇಸಿಗೆಯಲ್ಲಿ ಭಾವನಿಗೆ ಆಗರದ ಕೆಲಸ, ಮಳೆಗಾಲದಲ್ಲಿ ಸಿಕ್ಕಿದ ಕೆಲಸ. ಕಿಟಕಿಯ ಸರಳು ನೋಡನೋಡುತ್ತಲೇ ತುಕ್ಕು ಹಿಡಿಯುವ ಊರು ಅದು. ಒಣಗಿಸಿ ಮಡಚಿಟ್ಟ ಬಟ್ಟೆ ಸಂಜೆಗೆ ಮತ್ತೆ ಅಂಟಂಟು. ಮಗು ಉಪ್ಪುಪ್ಪು ಅಂದರೆ ಅಜ್ಜಿ, ಅಂದರೆ ಭಾವನ ತಾಯಿ, ನಗುತ್ತಿದ್ದರು. “ಆಗರದ ಮನೆ ಮಗು ಉಪ್ಪಾಗದೆ ಬೆಲ್ಲ ಆಗ್ತದಾ?”

ನಾನು ಕುಮಟಾದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಅಕ್ಕ-ಭಾವನ ಒಪ್ಪಿಗೆ ತೆಗೆದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ. ಇದು ಸಿಸ್ಟಿಕ್ ಫೈಬ್ರೋಸಿಸ್ ಅನ್ನುವ, ತಂದೆತಾಯಿಯ ಜೀನ್‌ನಿಂದ ಬರುವ ಕಾಯಿಲೆಯ ಕಥೆ. ಈ ಕಾಯಿಲೆ ನಮ್ಮ ಕಡೆ ಇಲ್ಲವೇ ಇಲ್ಲ ಅಂತ ನಂಬಿದವರು ತುಂಬ ಜನ. ನಾನೂ ಹಾಗೇ ನಂಬಿದ್ದೆ. ಅದಕ್ಕೇ ನಡೆದದ್ದನ್ನು ಮೊದಲಿಂದ ಹೇಳುತ್ತೇನೆ.

ಹುಡುಗ ಹುಟ್ಟಿದಾಗ ತೂಕ 2.9 ಕಿಲೋ. ಏನೂ ತೊಂದರೆ ಇರಲಿಲ್ಲ. ಹಾಲು ಚೆನ್ನಾಗಿ ಕುಡಿಯುತ್ತಿದ್ದ, ಆದರೆ ಮೈ ಹಿಡಿಯಲಿಲ್ಲ. ಮಲ ಜಿಡ್ಡುಜಿಡ್ಡಾಗಿ, ತುಂಬಾ ವಾಸನೆ ಬರುತ್ತಿತ್ತು. ನೀರು ಹಾಕಿದರೂ ತೇಲುತ್ತಿತ್ತು. ಎಂಟನೇ ತಿಂಗಳಲ್ಲಿ ಕೆಮ್ಮು ಶುರುವಾಯಿತು. ಅದು ಮತ್ತೆ ಪೂರ್ತಿ ಹೋಗಲೇ ಇಲ್ಲ. ಮಳೆ ಹಿಡಿದರೆ ಸಾಕು, ಎದೆಯಲ್ಲಿ ಗೊರಗೊರ. ಒಬ್ಬರು ಆಸ್ತಮಾ ಅಂದರು, ಪಂಪ್ ಕೊಟ್ಟರು. ಐದನೇ ವರ್ಷಕ್ಕೆ ಇನ್ನೊಂದು ಕಡೆ ಎಕ್ಸ್‌ರೇ ನೋಡಿ ಟಿಬಿ ಇರಬೇಕು ಅಂದರು. ಕಫದಲ್ಲಿ ಕ್ರಿಮಿ ಸಿಗದಿದ್ದರೂ ಆರು ತಿಂಗಳ ಮಾತ್ರೆ ನಡೆಯಿತು. ಯಾರನ್ನೂ ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಟಿಬಿ ಇಷ್ಟು ಜಾಸ್ತಿ ಇರುವ ದೇಶದಲ್ಲಿ ಕೆಮ್ಮುವ, ಬಡಕಲಾದ ಮಗುವನ್ನು ನೋಡಿದರೆ ಮೊದಲು ಬರುವ ಯೋಚನೆ ಅದೇ.

ಆಮೇಲೆ ಆ ಬಂಡಿಹಬ್ಬ ಬಂತು.

ಮೇ ತಿಂಗಳ ಮಧ್ಯಾಹ್ನ. ಗಾಳಿ ಇಲ್ಲ, ಬರೀ ಬೆವರು. ಹುಡುಗ ಬೆಳಗಿನಿಂದ ಗದ್ದೆ ಬಯಲಲ್ಲಿ ಓಡಾಡಿದ್ದ. ಮೂರು ಗಂಟೆ ಹೊತ್ತಿಗೆ ಕಾಲು ಹಿಡಿದುಕೊಂಡು ಕೂತ. ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಎರಡು ಸಲ ವಾಂತಿ ಮಾಡಿದ. ನಾನು ಎತ್ತಿಕೊಂಡಾಗ ತಲೆ ಭುಜದ ಮೇಲೆ ಜೋತುಬಿತ್ತು. ಅವನ ನೀಲಿ ಟೊಪ್ಪಿಯ ಅಂಚಿನಲ್ಲಿ ಬಿಳಿ ಗೆರೆ ಇತ್ತು. ಬೆರಳಲ್ಲಿ ಕೆರೆದೆ. ಪುಡಿ ಉದುರಿತು. ಕಿವಿಯ ಹಿಂದೆ, ಕೂದಲು ಶುರುವಾಗುವಲ್ಲಿ, ಸಣ್ಣ ಸಣ್ಣ ಹರಳು ಹೊಳೆಯುತ್ತಿದ್ದವು. ಆಗರದ ಮಡಿಯಲ್ಲಿ ಮೊದಲ ಉಪ್ಪು ಕಟ್ಟುವಾಗ ನೀರಿನ ಅಂಚಿಗೆ ಹೀಗೇ ಕಾಣುತ್ತದೆ.

ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ರಕ್ತದ ವರದಿ ಬಂತು. ಸೋಡಿಯಂ 124, ಇರಬೇಕಾದದ್ದು 135ರಿಂದ 145. ಪೊಟ್ಯಾಸಿಯಂ 2.7, ಕನಿಷ್ಠ 3.5 ಬೇಕು. ಸೋಡಿಯಂ ಜೊತೆ ಸೇರಿ ಉಪ್ಪಾಗುವ ಕ್ಲೋರೈಡ್ 80, ನೂರರ ಆಸುಪಾಸು ಇರಬೇಕಿತ್ತು. ರಕ್ತದ ಹುಳಿ ತಗ್ಗಿಸುವ ಬೈಕಾರ್ಬನೇಟ್ ಮಾತ್ರ ಮೇಲೆ ಹೋಗಿತ್ತು, 36. ಅವರು ಆ ಕಾಗದವನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಭೇದಿಯಾಗಿ ಒಣಗಿದ ಮಕ್ಕಳಲ್ಲಿ ಬೈಕಾರ್ಬನೇಟ್ ಕೆಳಗೆ ಬರುತ್ತದೆ. ಇಲ್ಲಿ ಉಲ್ಟಾ. ಎರಡು ಸಲದ ವಾಂತಿಗೆ ಕ್ಲೋರೈಡ್ ಇಷ್ಟು ಇಳಿಯುವುದಿಲ್ಲ. ಹಾಗಾದರೆ ಇವನ ಮೈಯಿಂದ ಉಪ್ಪು ಬೇರೆ ಎಲ್ಲಿಂದಲೋ ಹೋಗುತ್ತಿದೆ.

ಅವರು ಅಜ್ಜಿಯ ಪಕ್ಕ ಬಂದು ಕೂತರು. “ಅಜ್ಜೀ, ಈ ಮಗುವಿಗೆ ಮುತ್ತು ಕೊಟ್ಟರೆ ಉಪ್ಪುಪ್ಪು ಅನ್ನಿಸ್ತದಾ?”

“ಹೌದು. ಹುಟ್ಟಿದಾಗಿಂದ್ಲೂ. ನಮ್ಮದು ಆಗರದ ಬದಿ ಮನೆ ಅಲ್ವಾ ಅಮ್ಮಾ.”

“ಮನೆಯಲ್ಲಿ ಬೇರೆ ಮಕ್ಕಳಿದ್ದಾರಾ?”

“ದೊಡ್ಡ ಮಗನಿಗೆ ಇಬ್ಬರು.”

“ಅವರೂ ಇಷ್ಟೇ ಉಪ್ಪಾ?”

ಅಜ್ಜಿ ಮಾತಾಡಲಿಲ್ಲ. ಸೆರಗಿನ ತುದಿ ಹಿಡಿದುಕೊಂಡು ಹುಡುಗನ ಕಡೆ ನೋಡಿದರು. ಆಮೇಲೆ ನಿಧಾನಕ್ಕೆ ಹೇಳಿದರು. “ಇಲ್ಲ. ಇವನಷ್ಟು ಯಾರೂ ಇಲ್ಲ.”

ಪ್ರಯೋಗ ಅಂದರೆ ಹೋಲಿಸಿ ನೋಡಬೇಕು ಅಂತ ನಾನು ವರ್ಷವರ್ಷ ಮಕ್ಕಳಿಗೆ ಹೇಳಿಕೊಡುತ್ತೇನೆ. ಆ ಮನೆಯಲ್ಲಿ ಹೋಲಿಸುವುದಕ್ಕೆ ಇಬ್ಬರು ಮಕ್ಕಳು ಕಣ್ಣೆದುರೇ ಆಡುತ್ತಿದ್ದರು. ನಾನು ಕೇಳಬೇಕಿದ್ದ ಪ್ರಶ್ನೆ ಅದು. ಕೇಳಿರಲಿಲ್ಲ. ಈಗಲೂ ನೋವಾಗುತ್ತದೆ.

ಡಾಕ್ಟರಮ್ಮ ಹೇಳಿದ ಹೆಸರು ಸಿಸ್ಟಿಕ್ ಫೈಬ್ರೋಸಿಸ್. ಖಚಿತ ಮಾಡಲು ಬೆವರಿನ ಪರೀಕ್ಷೆ ಬೇಕು, ಅದು ದೊಡ್ಡ ಊರಿನ ಕೆಲವೇ ಕಡೆ ಇದೆ ಅಂದರು. ಡ್ರಿಪ್ಪಿನಲ್ಲಿ ಉಪ್ಪು, ಪೊಟ್ಯಾಸಿಯಂ ಹೋಗುತ್ತಿದ್ದ ಹಾಗೆ ಹುಡುಗ ಎರಡನೇ ದಿನ ಎದ್ದು ಕೂತು ದೋಸೆ ಕೇಳಿದ. ಮೂರು ವಾರ ಬಿಟ್ಟು ಹೋದೆವು. ಮುಂಗೈಗೆ ಪೈಲೋಕಾರ್ಪಿನ್ ಅನ್ನುವ ಔಷಧ ಇಟ್ಟು ಐದು ನಿಮಿಷ ತೀರಾ ಸಣ್ಣ ಕರೆಂಟು ಕೊಡುತ್ತಾರೆ. ಅಷ್ಟು ಜಾಗ ಬೆವರುತ್ತದೆ. ಅರ್ಧ ಗಂಟೆ ಬೆವರು ಹಿಡಿದು ಕ್ಲೋರೈಡ್ ಅಳೆಯುತ್ತಾರೆ. ಲೀಟರಿಗೆ 30 ಮಿಲಿಮೋಲ್‌ಗಿಂತ ಕಡಿಮೆ ಇದ್ದರೆ ಈ ಕಾಯಿಲೆ ಇರುವ ಸಾಧ್ಯತೆ ಕಡಿಮೆ. 60 ದಾಟಿದರೆ ಕಾಯಿಲೆ. ಇವನದು 104. ಇನ್ನೊಮ್ಮೆ ಮಾಡಿದಾಗ 98.

ಇಲ್ಲೊಂದು ಹಳೇ ಕಥೆ ಹೇಳಬೇಕು. 1948ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಬಿಸಿಗಾಳಿ ಬೀಸಿತು. ಸುಸ್ತಾಗಿ ಬಿದ್ದು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಇದೇ ಕಾಯಿಲೆಯವರು ಎದ್ದು ಕಾಣುವಷ್ಟು ಇದ್ದರು. ಪಾಲ್ ಡಿ ಸ್ಯಾಂಟ್ ಆಗ್ನೀಸ್ ಅನ್ನುವ ವೈದ್ಯರು ಇದರ ಬೆನ್ನು ಹತ್ತಿದರು. ಈ ಕಾಯಿಲೆಯವರ ಬೆವರಿನಲ್ಲಿ ಉಪ್ಪು ಜಾಸ್ತಿ ಅಂತ 1953ರಲ್ಲಿ ತೋರಿಸಿದರು. ನಮ್ಮ ಹುಡುಗನ ಮುಂಗೈ ಮೇಲೆ ಮಾಡಿದ ಪರೀಕ್ಷೆಯ ವಿಧಾನ 1959ರದು. ಅಷ್ಟು ವರ್ಷಗಳಿಂದ ಜಗತ್ತಿಗೆ ಗೊತ್ತಿರುವ ಗುರುತು ನಮ್ಮ ಮನೆಯಲ್ಲಿ ಟೊಪ್ಪಿಯ ಅಂಚಿನಲ್ಲಿ ಕೂತಿತ್ತು.

ಅಜ್ಜಿಯ ಪ್ರಶ್ನೆ

ಔಷಧದ ಚೀಟಿಯಲ್ಲಿ ಒಂದು ವಿಚಿತ್ರ ಇತ್ತು. ದಿನಕ್ಕೆ ಎರಡು ಸಲ, ಔಷಧವನ್ನು ಆವಿ ಮಾಡಿ ಉಸಿರಿಗೆ ಕೊಡುವ ನೆಬುಲೈಸರಿನಲ್ಲಿ ಶೇಕಡಾ 7ರ ಉಪ್ಪು ನೀರು. ಸಮುದ್ರದ ನೀರಿನಲ್ಲಿ ಉಪ್ಪು ಶೇಕಡಾ 3.5ರಷ್ಟು. ಅಂದರೆ ಕಡಲಿನ ಎರಡು ಪಟ್ಟು ಉಪ್ಪು ಎದೆಯೊಳಗೆ ಹೋಗಬೇಕು.

ಅಜ್ಜಿ ಕೇಳಿದರು. “ಮೈಯಲ್ಲಿ ಉಪ್ಪು ಜಾಸ್ತಿ ಅಂದ್ರು. ಈಗ ಮೂಗಿಗೂ ಉಪ್ಪೇ ಹೊಡೀರಿ ಅಂತಾರೆ. ಇದೆಂತ ಲೆಕ್ಕ ತಮಾ?”

ಒಳ್ಳೇ ಪ್ರಶ್ನೆ. ಅರ್ಧಂಬರ್ಧ ಉತ್ತರ ಕೊಟ್ಟರೆ ಅವರು ಮನಸ್ಸಿಟ್ಟು ಮಾಡುವುದಿಲ್ಲ. ಆ ಮನೆಯಲ್ಲಿ ನೆಬುಲೈಸರ್ ಹಾಕುವವರು ಅವರೇ. ಒಂದು ಭಾನುವಾರ ಅಜ್ಜಿ, ಹುಡುಗ ಇಬ್ಬರನ್ನೂ ಕಾಲೇಜಿನ ಲ್ಯಾಬಿಗೆ ಕರೆದುಕೊಂಡು ಹೋದೆ.

ಹಿಂದಿನ ದಿನವೇ ನನ್ನ ಎಂಜಲನ್ನು ಒಂದು ಸೆಲ್ಲೋಫೇನ್ ಚೀಲದಲ್ಲಿ ಕಟ್ಟಿ, ಡಿಸ್ಟಿಲ್ಡ್ ನೀರಿನಲ್ಲಿ ಇಳಿಬಿಟ್ಟಿದ್ದೆ. ಮೂರು ಸಲ ನೀರು ಬದಲಿಸಿದ್ದೆ. ಎಂಜಲಿನ ಉಪ್ಪು ಚೀಲದ ಸಣ್ಣ ತೂತುಗಳಿಂದ ಆಚೆ ಹೋಗುತ್ತದೆ. ಪಿಷ್ಟ ಒಡೆಯುವ ಕಿಣ್ವ, ಅಮೈಲೇಸ್, ಗಾತ್ರದಲ್ಲಿ ದೊಡ್ಡದು, ಒಳಗೇ ಉಳಿಯುತ್ತದೆ. ಎರಡು ಪ್ರನಾಳದಲ್ಲಿ ಪಿಷ್ಟದ ನೀರು ಹಾಕಿ, ಎರಡಕ್ಕೂ ಈ ಸಪ್ಪೆ ಎಂಜಲು ಬಿಟ್ಟೆ. ಅಜ್ಜಿ ಸೆರಗಿನ ಗಂಟು ಬಿಚ್ಚಿ ಮನೆಯಿಂದ ತಂದ ಕಲ್ಲುಪ್ಪು ಕೊಟ್ಟರು. ಒಂದು ಹರಳು ಎರಡನೇ ಪ್ರನಾಳಕ್ಕೆ. ಕೆಲವು ನಿಮಿಷ ಬಿಟ್ಟು ಬಿಳಿ ಹಂಚಿನ ಮೇಲೆ ಅಯೋಡಿನ್ ಹನಿ ಇಟ್ಟು, ಎರಡರಿಂದಲೂ ಒಂದೊಂದು ತೊಟ್ಟು ಬೆರೆಸಿದೆ. ಮೊದಲನೆಯದು ಕಡುನೀಲಿ. ಪಿಷ್ಟ ಇನ್ನೂ ಹಾಗೇ ಇದೆ. ಎರಡನೆಯದರಲ್ಲಿ ಅಯೋಡಿನ್ನಿನ ಹಳದಿ ಹಳದಿಯಾಗೇ ಉಳಿಯಿತು. ಪಿಷ್ಟ ಮುಗಿದಿತ್ತು.

“ಮಾವ, ಅದು ಉಪ್ಪು ತಿಂತಾ?” ಹುಡುಗ ಕೇಳಿದ.

ತಿನ್ನಲಿಲ್ಲ. ಉಪ್ಪು ನೀರಿಗೆ ಬಿದ್ದರೆ ಎರಡಾಗಿ ಬಿಡಿಸಿಕೊಳ್ಳುತ್ತದೆ, ಸೋಡಿಯಂ ಅಯಾನು ಮತ್ತು ಕ್ಲೋರೈಡ್ ಅಯಾನು. ಈ ಕ್ಲೋರೈಡ್ ಹೋಗಿ ಅಮೈಲೇಸಿನ ಮೈಯಲ್ಲಿ ಅದಕ್ಕಂತಲೇ ಇರುವ ಗೂಡಿನಲ್ಲಿ ಕೂರುತ್ತದೆ. ಆಗ ಕಿಣ್ವದ ಕೆಲಸದ ಜಾಗ ಸರಿಯಾಗಿ ಹೊಂದಿಕೊಳ್ಳುತ್ತದೆ. ಕೆಲಸ ಮುಗಿದರೂ ಕ್ಲೋರೈಡ್ ಖರ್ಚಾಗಿರುವುದಿಲ್ಲ. ಅಷ್ಟು ಹೇಳಿದ ಮೇಲೆ ಅಜ್ಜಿ ತಲೆಯಾಡಿಸಿದರು. “ಅಂದರೆ ಉಪ್ಪು ಅಡಿಗೆ ಅಲ್ಲ, ಅಡಿಗೆ ಮಾಡುವವಳಿಗೆ ಅಪ್ಪಣೆ.” ಇದಕ್ಕಿಂತ ಚೆನ್ನಾಗಿ ನನ್ನ ಯಾವ ವಿದ್ಯಾರ್ಥಿಯೂ ಹೇಳಿಲ್ಲ.

ಅದೇ ದಿನ ಏಡಿಯ ವಿಷಯವೂ ಬಂತು. ಅಜ್ಜಿ ಒಂದು ಕಾಲದಲ್ಲಿ ಅಳಿವೆಯ ಕೆಸರಲ್ಲಿ ಏಡಿ ಹಿಡಿದವರು. ಡೆನ್ಮಾರ್ಕಿನ ಯೆನ್ಸ್ ಸ್ಕೌ ಅನ್ನುವ ವಿಜ್ಞಾನಿ ದಂಡೆಯ ಏಡಿಗಳ ಕಾಲಿನ ನರ ತೆಗೆದು ಅರೆದು, ಅದರಲ್ಲಿ ಒಂದು ಕಿಣ್ವ ಹುಡುಕಿದರು. ಅದು ಜೀವಕೋಶದ ಇಂಧನವಾದ ಎಟಿಪಿಯನ್ನು ಒಡೆಯುತ್ತದೆ. ಸೋಡಿಯಂ, ಪೊಟ್ಯಾಸಿಯಂ ಎರಡೂ ಒಟ್ಟಿಗೆ ಇದ್ದಾಗ ಅದರ ವೇಗ ಒಮ್ಮೆಲೇ ಏರುತ್ತಿತ್ತು. 1957ರಲ್ಲಿ ಬರೆದು ಪ್ರಕಟಿಸಿದರು. ನೊಬೆಲ್ ಸಿಕ್ಕಿದ್ದು 1997ರಲ್ಲಿ. ಇದೇ ಕಿಣ್ವ ನಮ್ಮ ಪ್ರತಿ ಜೀವಕೋಶದ ಪೊರೆಯ ಪಂಪು. ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ಒಳಗೆ ಸೋಡಿಯಂ ಜಾಸ್ತಿಯಾದರೆ ತಾನೇ ಜೋರಾಗಿ ಓಡುತ್ತದೆ. ಯಾರೂ ಸ್ವಿಚ್ ಹಾಕಬೇಕಿಲ್ಲ.

ಶ್ವಾಸನಾಳದ ಒಳಗೋಡೆಯ ಜೀವಕೋಶಗಳಲ್ಲಿ ಈ ಪಂಪು ತಳದ ಕಡೆ, ರಕ್ತದ ಬದಿಯಲ್ಲಿ ಇರುತ್ತದೆ. ಮೇಲ್ಗಡೆ, ಗಾಳಿಯ ಬದಿಯಲ್ಲಿ, ಒಂದೊಂದು ಜೀವಕೋಶಕ್ಕೂ ಇನ್ನೂರರಷ್ಟು ಸಣ್ಣ ರೋಮಗಳು. ಅವು ಸೆಕೆಂಡಿಗೆ ಹತ್ತು-ಹದಿನೈದು ಸಲ ಬೀಸುತ್ತವೆ, ಗಾಳಿಗೆ ಭತ್ತದ ಗದ್ದೆ ತೊನೆಯುವ ಹಾಗೆ ಒಂದರ ಹಿಂದೊಂದು. ರೋಮಗಳು ಆಡುವುದಕ್ಕೆ ತೆಳು ನೀರಿನ ಪದರ ಬೇಕು. ಅದರ ಆಳ ಸುಮಾರು 7 ಮೈಕ್ರೋಮೀಟರ್, ಅಂದರೆ ಒಂದು ತಲೆಗೂದಲಿನ ದಪ್ಪದ ಹತ್ತರಲ್ಲಿ ಒಂದು ಪಾಲು. ಅದರ ಮೇಲೆ ಲೋಳೆ. ಧೂಳು, ಕ್ರಿಮಿ ಎಲ್ಲ ಲೋಳೆಗೆ ಅಂಟುತ್ತವೆ. ರೋಮಗಳು ಅದನ್ನು ಗಂಟಲಿನ ಕಡೆ ದೂಡುತ್ತವೆ. ನೀರಿನ ಪದರ ಬತ್ತಿದರೆ ರೋಮ ಮಡಚಿಕೊಂಡು ಲೋಳೆಯಡಿ ಸಿಕ್ಕಿಬೀಳುತ್ತದೆ.

ಆ ಏಳು ಮೈಕ್ರೋಮೀಟರ್ ನೀರನ್ನು ಕಾಯುವವರು ಯಾರು? ಉಪ್ಪು ಹೋದಲ್ಲಿಗೆ ನೀರು ಹೋಗುತ್ತದೆ. ಹಾಗಾಗಿ ಉಪ್ಪಿನ ಬಾಗಿಲು ಕಾಯುವವರೇ ನೀರನ್ನೂ ಕಾಯುತ್ತಾರೆ. ಕ್ಲೋರೈಡ್ ಹೊರಗೆ ಹೋಗುವ ಮುಖ್ಯ ಬಾಗಿಲಿನ ಹೆಸರು ಸಿಎಫ್‌ಟಿಆರ್. 1480 ಅಮೈನೋ ಆಮ್ಲಗಳ ಉದ್ದನೆಯ ಪ್ರೋಟೀನ್. ಅದರ ಜೀನ್ ಏಳನೇ ಕ್ರೋಮೋಸೋಮಿನಲ್ಲಿದೆ, ಸಿಕ್ಕಿದ್ದು 1989ರಲ್ಲಿ. ಬೈಕಾರ್ಬನೇಟ್ ಕೂಡ ಇದೇ ಬಾಗಿಲಿನಿಂದ ಹೋಗುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮುಂದಿನ ಭಾಗ. ಒಳಗೆ ಕ್ಲೋರೈಡ್ ಎಷ್ಟಿದೆ ಅಂತ ಜೀವಕೋಶಕ್ಕೆ ಹೇಗೆ ಗೊತ್ತಾಗುತ್ತದೆ? ಇದಕ್ಕೆ ಡಬ್ಲ್ಯೂಎನ್‌ಕೆ ಅನ್ನುವ ಕಿಣ್ವಗಳಿವೆ. ಬೇರೆ ಪ್ರೋಟೀನುಗಳ ಮೇಲೆ ಫಾಸ್ಫೇಟ್ ಚೀಟಿ ಅಂಟಿಸುವುದು ಇವುಗಳ ಕೆಲಸ. 2000ರಲ್ಲಿ ಮೊದಲು ಕಂಡವು. ಇಂಥ ಕಿಣ್ವಗಳಲ್ಲಿ ಲೈಸೀನ್ ಅನ್ನುವ ಅಮೈನೋ ಆಮ್ಲ ಇರಬೇಕಾದ ಜಾಗದಲ್ಲಿ ಇವುಗಳಿಗೆ ಲೈಸೀನ್ ಇಲ್ಲ, ‘ವಿತ್ ನೋ ಕೆ’ ಅನ್ನುವ ಹೆಸರು ಬಂದದ್ದು ಅದರಿಂದ; ಲೈಸೀನಿನ ಗುರುತಿನ ಅಕ್ಷರ ಕೆ. ಕ್ಲೋರೈಡ್ ನೇರವಾಗಿ ಇದರ ಕೆಲಸದ ಜಾಗಕ್ಕೇ ಹೋಗಿ ಕೂರುತ್ತದೆ ಅಂತ 2014ರಲ್ಲಿ ಈ ಕಿಣ್ವವನ್ನೇ ಹರಳು ಮಾಡಿ ನೋಡಿದವರು ತೋರಿಸಿದರು. ಕ್ಲೋರೈಡ್ ಕೂತಿರುವಷ್ಟು ಹೊತ್ತು ಕಿಣ್ವ ಮಲಗಿರುತ್ತದೆ. ಒಳಗಿನ ಕ್ಲೋರೈಡ್ ಇಳಿದರೆ ಜಾಗ ಖಾಲಿಯಾಗಿ ಕಿಣ್ವ ಏಳುತ್ತದೆ. ಎದ್ದು ಸ್ಪಾಕ್, ಓಎಸ್‌ಆರ್1 ಅನ್ನುವ ಇನ್ನೆರಡು ಕಿಣ್ವಗಳನ್ನು ಎಬ್ಬಿಸುತ್ತದೆ. ಅವು ಹೋಗಿ ರಕ್ತದ ಬದಿಯ ಒಂದು ಬಾಗಿಲು ತೆರೆಸುತ್ತವೆ. ಒಂದು ಸೋಡಿಯಂ, ಒಂದು ಪೊಟ್ಯಾಸಿಯಂ, ಎರಡು ಕ್ಲೋರೈಡ್ ಒಟ್ಟಿಗೆ ಒಳಗೆ ಬರುತ್ತವೆ. ಕ್ಲೋರೈಡ್ ತುಂಬಿತು, ಕಿಣ್ವ ಮತ್ತೆ ಮಲಗಿತು.

ಇದನ್ನು ಕೇಳಿ ಭಾವ ಹೇಳಿದರು, “ಇದು ನನ್ನದೇ ಕೆಲಸ.” ನಿಜ. ಆಗರದಲ್ಲಿ ಅಳಿವೆಯ ನೀರನ್ನು ಮೊದಲು ಒಂದು ಕಡೆ ನಿಲ್ಲಿಸಿ, ಬಿಸಿಲಿಗೆ ಗಟ್ಟಿಯಾದ ಹಾಗೆ ಒಂದರಿಂದ ಇನ್ನೊಂದಕ್ಕೆ ಬಿಡುತ್ತಾರೆ. ಮುಂದಿನ ಮಡಿಯಲ್ಲಿ ನೀರು ಇಳಿದದ್ದು ಕಂಡರೆ ಹಿಂದಿನ ತೂಬಿನ ಹಲಗೆ ಎತ್ತಬೇಕು. ಮುಂದೆ ನೀರು ಇಳಿಯದಿದ್ದರೆ ಹಲಗೆ ಎತ್ತುವ ಮಾತೇ ಇಲ್ಲ. ನಮ್ಮ ಹುಡುಗನ ಶ್ವಾಸನಾಳದಲ್ಲಿ ಆದದ್ದು ಅದೇ. ಮುಂದಿನ ಬಾಗಿಲು, ಸಿಎಫ್‌ಟಿಆರ್, ಮುಚ್ಚಿದೆ. ಕ್ಲೋರೈಡ್ ಹೊರಗೆ ಹರಿಯದಿದ್ದರೆ ಒಳಗೆ ಇಳಿಯಬೇಕಾದ ಹಾಗೆ ಇಳಿಯುವುದಿಲ್ಲ. ಒಳಗೆ ಇಳಿಯದಿದ್ದರೆ ಹಿಂದಿನ ಬಾಗಿಲಿಗೆ ಸುದ್ದಿ ಮುಟ್ಟುವುದಿಲ್ಲ.

ಡಬ್ಲ್ಯೂಎನ್‌ಕೆ ಒಂದೇ ಅಲ್ಲ. ಸ್ಕಾಟ್ಲೆಂಡಿನ ಡಂಡಿಯ ಸಂಶೋಧಕರು ಮನುಷ್ಯರ ಶ್ವಾಸನಾಳದ ಜೀವಕೋಶದ ಪೊರೆಯಲ್ಲಿ ಕ್ಲೋರೈಡಿಗೆ ತಕ್ಕಂತೆ ಏರಿಳಿಯುವ ಫಾಸ್ಫೇಟ್ ಅಂಟಿಸುವ ಕೆಲಸವನ್ನು 1990ರ ದಶಕದಲ್ಲೇ ಗುರುತಿಸಿದ್ದರು. ಬೈಕಾರ್ಬನೇಟಿನದು ಇನ್ನೊಂದು ದಾರಿ. ಕರಗುವ ಅಡಿನೈಲೈಲ್ ಸೈಕ್ಲೇಸ್ ಅನ್ನುವ ಕಿಣ್ವವನ್ನು ಅದು ನೇರವಾಗಿ ಚುರುಕು ಮಾಡುತ್ತದೆ. ಆ ಕಿಣ್ವ ರೋಮಗಳಲ್ಲೇ ಇದೆ. ಅದು ಎದ್ದರೆ ರೋಮ ಜೋರಾಗಿ ಬೀಸುತ್ತದೆ. ಕ್ರಿಮಿ ಕೊಲ್ಲುವ ಲ್ಯಾಕ್ಟೋಪೆರಾಕ್ಸಿಡೇಸ್ ಕಿಣ್ವಕ್ಕೆ ಥಯೋಸಯನೇಟ್ ಅನ್ನುವ ಅಯಾನು ಬೇಕು, ಅದನ್ನು ಹೊರಗೆ ಬಿಡುವುದೂ ಸಿಎಫ್‌ಟಿಆರ್. ಒಂದು ಬಾಗಿಲು ಕೆಟ್ಟರೆ ಎಷ್ಟು ಕಿಣ್ವಗಳ ಕೈ ಕಟ್ಟಿ ಹಾಕಿದಂತಾಗುತ್ತದೆ ನೋಡಿ.

ಹಾಗಾದರೆ ಹಣೆ ಯಾಕೆ ಉಪ್ಪು? ಬೆವರಿನ ಗ್ರಂಥಿಯಲ್ಲಿ ಇದೇ ಬಾಗಿಲಿಗೆ ಉಲ್ಟಾ ಕೆಲಸ. ಗ್ರಂಥಿಯ ತಳದಲ್ಲಿ ಹುಟ್ಟುವ ಬೆವರು ರಕ್ತದಷ್ಟೇ ಉಪ್ಪು. ಕೊಳವೆಯಲ್ಲಿ ಮೇಲೆ ಬರುತ್ತಾ ಬರುತ್ತಾ ಸಿಎಫ್‌ಟಿಆರ್ ಮೂಲಕ ಕ್ಲೋರೈಡ್ ವಾಪಸ್ ಒಳಗೆ ಹೋಗಬೇಕು, ಸೋಡಿಯಂ ಜೊತೆಗೇ. ಬಾಗಿಲು ಮುಚ್ಚಿದ್ದರೆ ಉಪ್ಪು ಹಾಗೇ ಹಣೆಗೆ ಬರುತ್ತದೆ. ಚರ್ಮದ ಮೇಲೆ ಉಪ್ಪು ನಷ್ಟ. ಎದೆಯೊಳಗೆ ಉಪ್ಪು ಹೊರಬರದೆ ನೀರಿನ ಬರ. ಮೇದೋಜೀರಕ ಗ್ರಂಥಿಯಲ್ಲಿ ಕೊಳವೆ ಕಟ್ಟಿ, ಕೊಬ್ಬು ಜೀರ್ಣಿಸುವ ಕಿಣ್ವ ಕರುಳಿಗೆ ಬರುವುದಿಲ್ಲ. ಆ ತೇಲುವ ಮಲ ಅದರದ್ದು.

ಅಜ್ಜಿಗೆ ಲೆಕ್ಕ ಸಿಕ್ಕಿತು. “ಅವನ ಉಪ್ಪು ಅಂಗಳಕ್ಕೆ ಚೆಲ್ಲಿ ಹೋಗ್ತದೆ, ಕೋಣೆಗೆ ಬರೂದಿಲ್ಲ. ಕೋಣೆಗೆ ನಾವೇ ಹೊತ್ತು ಹಾಕಬೇಕು.” ನೆಬುಲೈಸರಿನ ಉಪ್ಪು ಮಾಡುವುದು ಅದನ್ನೇ. ಒಳಗೋಡೆಯ ಮೇಲೆ ಕೂತು ನೀರನ್ನು ತನ್ನ ಕಡೆ ಎಳೆಯುತ್ತದೆ, ಲೋಳೆ ಸಡಿಲವಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಅಲೆಯ ಮೇಲೆ ಸರ್ಫಿಂಗ್ ಮಾಡುವ ಈ ಕಾಯಿಲೆಯವರ ಎದೆ ಉಳಿದವರಿಗಿಂತ ಚೆನ್ನಾಗಿರುವುದು ಕಂಡುಬಂತು, ಆ ದಾರಿಯಲ್ಲಿ ಈ ಚಿಕಿತ್ಸೆ ಬೆಳೆಯಿತು. ದೊಡ್ಡ ಪ್ರಯೋಗದ ಫಲಿತಾಂಶ 2006ರಲ್ಲಿ ಬಂತು. ಕಡಲ ಗಾಳಿಯೇ ಹುಡುಗನ ಕೆಮ್ಮಿಗೆ ಕಾರಣ, ಶಿರಸಿಯ ಕಡೆ ಹೋಗಿ ಇರಿ ಅಂತ ಊರಿನವರು ಅಕ್ಕನಿಗೆ ಎಷ್ಟೋ ಸಲ ಹೇಳಿದ್ದರು. ಪಾಪ, ಅವಳು ಒಮ್ಮೆ ಹೊರಟೂ ಇದ್ದಳು.

ಮನೆಯಲ್ಲಿ ನಡೆದದ್ದು

ಬೆಳಿಗ್ಗೆ ಆರಕ್ಕೆ ಮೊದಲು ಉಸಿರುನಾಳ ಸಡಿಲಿಸುವ ಪಂಪು. ಆಮೇಲೆ 4 ಎಂಎಲ್ ಉಪ್ಪು ನೀರಿನ ಆವಿ. ಆಮೇಲೆ ದಿಂಬಿನ ಮೇಲೆ ಬೋರಲು ಮಲಗಿಸಿ ಅಂಗೈ ಬೊಗಸೆ ಮಾಡಿ ಬೆನ್ನು ತಟ್ಟುವುದು. ಅಜ್ಜಿಯ ಕೈಗೆ ಇದು ಒಂದೇ ದಿನದಲ್ಲಿ ಬಂತು. ತಟ್ಟುವ ಸದ್ದು ಟೊಳ್ಳಾಗಿ ಕೇಳಬೇಕು, ಚಪ್ಪಾಳೆಯ ಹಾಗಲ್ಲ. ಕಫ ಬರುವವರೆಗೆ ಅವರು ನಿಲ್ಲಿಸುವುದಿಲ್ಲ. ಊಟದ ಜೊತೆ ಕಿಣ್ವದ ಕ್ಯಾಪ್ಸೂಲ್, ವಿಟಮಿನ್ ಎ, ಡಿ, ಇ, ಕೆ. ಕಫದಲ್ಲಿ ಸ್ಯೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಸಿಕ್ಕಿದ್ದರಿಂದ ಆವಿಯಲ್ಲಿ ಆಂಟಿಬಯಾಟಿಕ್. ಬೇಸಿಗೆಯಲ್ಲಿ ಅಳೆದು ಕೊಡುವ ಹೆಚ್ಚುವರಿ ಉಪ್ಪು, ಅದೂ ಗಂಜಿಯಲ್ಲಿ. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಎಷ್ಟು ಬೇಕಾದರೂ ತಿನ್ನು ಅಂದಾಗ ಅವನಿಗೆ ಹಬ್ಬ.

ಒಂದು ತಪ್ಪು ನಮ್ಮಿಂದಲೇ ಆಯಿತು. ಜುಲೈಯಲ್ಲಿ ಮಳೆ ಬಂದು ದಾರಿ ಬಂದಾಗಿ ಉಪ್ಪು ನೀರಿನ ಟ್ಯೂಬ್ ಸಿಗಲಿಲ್ಲ. ಭಾವ ನೀರು ಕುದಿಸಿ, ಆಗರದ ಉಪ್ಪು ಕರಗಿಸಿ, ಬಟ್ಟೆಯಲ್ಲಿ ಸೋಸಿ ನೆಬುಲೈಸರಿಗೆ ಹಾಕಿದರು. ಅಳತೆ ಇಲ್ಲ. ಎರಡು ನಿಮಿಷಕ್ಕೆ ಹುಡುಗನ ಎದೆ ಬಿಗಿಯಿತು, ತುಟಿ ಕಪ್ಪಾಯಿತು. ಪಂಪು ಹೊಡೆದು ಹೇಗೋ ಉಳಿಸಿಕೊಂಡೆವು. ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಅಳತೆ ತಪ್ಪಿದರೆ ಉಸಿರುನಾಳ ಹಿಡಿದುಕೊಳ್ಳುತ್ತದೆ. ಮನೆಯಲ್ಲಿ ಮಾಡಿದ ನೀರು ಕ್ರಿಮಿಯಿಲ್ಲದೆ ಇರುವುದಿಲ್ಲ, ಅದನ್ನು ನೇರ ಎದೆಗೆ ಬಿಟ್ಟ ಹಾಗಾಗುತ್ತದೆ. ಭಾವ ಆ ರಾತ್ರಿ ಮಾತಾಡಲಿಲ್ಲ. ಅವರು ಮಾಡಿದ್ದು ಮಗನ ಮೇಲಿನ ಪ್ರೀತಿಯಿಂದಲೇ. ಈಗ ಎರಡು ತಿಂಗಳಿನ ಟ್ಯೂಬ್ ಮೇ ಕೊನೆಗೇ ತಂದಿಡುತ್ತಾರೆ.

ಎರಡನೇ ವರ್ಷ ಡಾರ್ನೇಸ್ ಶುರುವಾಯಿತು. ಇದೂ ಕಿಣ್ವವೇ. ಸತ್ತ ಬಿಳಿ ರಕ್ತಕಣಗಳಿಂದ ಚೆಲ್ಲಿದ ಡಿಎನ್‌ಎ ಕಫವನ್ನು ಗೋಂದು ಮಾಡಿರುತ್ತದೆ, ಅದನ್ನು ಕತ್ತರಿಸುತ್ತದೆ. ಕೆಲಸ ಮಾಡಲು ಇದಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಕು. ಅಡುಗೆ ಉಪ್ಪು ಜಾಸ್ತಿಯಾದರೆ ಇದರ ಕತ್ತರಿ ಮೊಂಡು. ನೆಬುಲೈಸರಿನಲ್ಲಿ ಬೇರೆ ಯಾವ ಔಷಧದ ಜೊತೆಗೂ ಬೆರೆಸಬೇಡಿ ಅಂತ ಪೊಟ್ಟಣದ ಚೀಟಿಯಲ್ಲೇ ಇದೆ. ಅಜ್ಜಿ ಉಪ್ಪಿನದನ್ನು ಬೆಳಿಗ್ಗೆಗೂ ಸಂಜೆಗೂ, ಇದನ್ನು ಮಧ್ಯಾಹ್ನಕ್ಕೂ ಇಟ್ಟುಕೊಂಡಿದ್ದಾರೆ. ಬಟ್ಟಲು ಬೇರೆ ಬೇರೆ, ಒಂದಕ್ಕೆ ಕೆಂಪು ದಾರ ಕಟ್ಟಿದ್ದಾರೆ.

ಏಳನೇ ವರ್ಷದಲ್ಲಿ 16 ಕಿಲೋ ಇದ್ದವನು ಹದಿನೆಂಟು ತಿಂಗಳಿಗೆ 21 ಕಿಲೋ ಆದ. ಊದಿ ನೋಡುವ ಪರೀಕ್ಷೆಯಲ್ಲಿ ಮೊದಲ ಸೆಕೆಂಡಿನ ಗಾಳಿ ವಯಸ್ಸಿಗೆ ಇರಬೇಕಾದ್ದರಲ್ಲಿ ಶೇಕಡಾ 68 ಇತ್ತು, ಈಗ 81. ಜೀನ್ ಪರೀಕ್ಷೆಯಲ್ಲಿ ಒಂದು ಪ್ರತಿಯಲ್ಲಿ ಎಫ್508ಡೆಲ್ ಸಿಕ್ಕಿತು, ಇನ್ನೊಂದರಲ್ಲಿ ಬೇರೆ ದೋಷ. ಎಫ್508ಡೆಲ್ ಅಂದರೆ 508ನೇ ಜಾಗದ ಒಂದು ಅಮೈನೋ ಆಮ್ಲ ಬಿಟ್ಟುಹೋಗಿರುವುದು. ಬಾಗಿಲು ಸರಿಯಾಗಿ ಮಡಚಿಕೊಳ್ಳದೆ ಅದರ ಜಾಗಕ್ಕೇ ಹೋಗುವುದಿಲ್ಲ. ಈ ದೋಷಕ್ಕೆ ಬಾಗಿಲನ್ನೇ ನೇರ ಮಾಡುವ ಮೂರು ಔಷಧಗಳ ಮಾತ್ರೆಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿದೆ. ನಮ್ಮ ಹುಡುಗನಿಗೂ ಅದು ಆಗಬಹುದು ಅಂತ ಡಾಕ್ಟರು ಹೇಳುತ್ತಾರೆ. ಬೆಲೆ ಕೇಳಿದರೆ ಆಗರದ ಕೂಲಿಯಲ್ಲಿ ಬದುಕುವವರ ಬಾಯಿ ಕಟ್ಟುತ್ತದೆ. ಇದು ಅನ್ಯಾಯ. ಔಷಧ ಇದೆ, ಮಗು ಇದೆ, ನಡುವೆ ಬರೀ ದುಡ್ಡು.

ಅಕ್ಕನಿಗೆ ಜೀನ್ ವರದಿ ಓದಿದ ದಿನ ಊಟ ಸೇರಲಿಲ್ಲ. ಒಂದು ದೋಷ ಅವಳಿಂದ, ಒಂದು ಭಾವನಿಂದ. ಒಂದೇ ಇದ್ದರೆ ಕಾಯಿಲೆಯೇ ಇಲ್ಲ, ಅವರಿಬ್ಬರ ಹಾಗೆ ಆರಾಮಾಗಿ ಇರುತ್ತಾರೆ. ಎರಡೂ ಸೇರಿದ್ದು ಯಾರ ತಪ್ಪೂ ಅಲ್ಲ. ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಇದನ್ನು ಹೇಳುವಾಗ ಅವಳು ಮೂರು ತಿಂಗಳ ಬಸುರಿ. ಅದು ನನಗೆ ಆಗ ಗೊತ್ತಿರಲಿಲ್ಲ.

ಮಗಳು ಹುಟ್ಟಿದ್ದು ಏಪ್ರಿಲ್‌ನಲ್ಲಿ. ಬೆವರಿನ ಪರೀಕ್ಷೆಗೆ ಆರು ವಾರ ಕಳೆಯಲಿ ಅಂದಿದ್ದರು. ಆರನೇ ವಾರ ಊರಲ್ಲಿ ಸೆಖೆ. ಹೊರಡುವ ಹಿಂದಿನ ರಾತ್ರಿ ಕರೆಂಟಿರಲಿಲ್ಲ. ಕೂಸು ಅತ್ತು ಅತ್ತು ಬೆವರಿತ್ತು. ಅಜ್ಜಿ ಎತ್ತಿಕೊಂಡು ಜಗಲಿಗೆ ಬಂದರು. ಹಣೆಗೆ ತುಟಿ ಇಟ್ಟು ಸುಮಾರು ಹೊತ್ತು ಹಾಗೇ ನಿಂತರು. ಹುಡುಗ ಪಕ್ಕದಲ್ಲಿ ಟಾರ್ಚ್ ಹಿಡಿದುಕೊಂಡಿದ್ದ.

“ಎಂತ ಅಜ್ಜಿ?”

“ಸಪ್ಪೆ,” ಅಂದರು.

ಐದು ದಿನ ಬಿಟ್ಟು ವರದಿ ಬಂತು. ಕ್ಲೋರೈಡ್ 17.